ಮನೆ ಮಾರುವ ಮುಂಚೆ ಪಿಒಪಿ, ಟೈಲ್ಸ್, ಹೊಸ ಅಡುಗೆಮನೆ ಮಾಡಿಸಬೇಕಾ? (ಬಳ್ಳಾರಿ, 30×40, 1996ರ ಮನೆ)

ಮೋಕಾ ರಸ್ತೆ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನ ಮನೆ ಮಾರಬೇಕಾಗಿದೆ. ಬಳ್ಳಾರಿಯ ಮೋಕಾ ರಸ್ತೆ ಕಡೆ, 30×40 ಸೈಟ್, ಉತ್ತರ ಬಾಗಿಲು. 1996ರಲ್ಲಿ ಅಪ್ಪ ಎದುರಿಗೆ ನಿಂತು ಕಟ್ಟಿಸಿದ ಮನೆ. ಕೆಳಗೆ ಪಡಸಾಲೆ, ಎರಡು ಕೋಣೆ, ಅಡುಗೆಮನೆ. ಮೇಲೆ ಒಂದು ಕೋಣೆ. ಅಪ್ಪ ತೀರಿಕೊಂಡು ಎರಡು ವರ್ಷ ಆಯಿತು. ಅಮ್ಮ ಈಗ ಹುಬ್ಬಳ್ಳಿಯಲ್ಲಿ ನನ್ನ ಜೊತೆ ಇದ್ದಾರೆ. ತಮ್ಮ ಪುಣೆಯಲ್ಲಿ. ಮನೆಗೆ ಬೀಗ ಹಾಕಿ ಹದಿನಾಲ್ಕು ತಿಂಗಳು.

ಹೋದ ವಾರ ಒಬ್ಬ ಏಜೆಂಟ್ ಬಂದು ನೋಡಿದರು. ಹೀಗೇ ಕೊಟ್ಟರೆ 58 ಲಕ್ಷ ಬರುತ್ತೆ ಅಂದರು. ಪಡಸಾಲೆಗೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಸೀಲಿಂಗ್, ಮಾಡ್ಯುಲರ್ ಅಡುಗೆಮನೆ, ನೆಲಕ್ಕೆಲ್ಲ ಟೈಲ್ಸ್, ಎದುರು ಗೋಡೆಗೆ ಟೆಕ್ಸ್ಚರ್ ಬಣ್ಣ ಮಾಡಿಸಿ, ನಾಲ್ಕೂವರೆ ಲಕ್ಷ ಆಗುತ್ತೆ, ಆಮೇಲೆ 68ಕ್ಕೆ ನಾನೇ ಕೊಡಿಸ್ತೀನಿ ಅಂದರು. ತಮ್ಮನಿಗೆ ಈ ಲೆಕ್ಕ ಹಿಡಿಸಿದೆ. ನನಗೆ ಮನಸ್ಸು ಒಪ್ಪುತ್ತಿಲ್ಲ.

ಮನೆ ಹೇಗಿದೆ ಅಂದರೆ: ನೆಲ ಶಹಾಬಾದ್ ಕಲ್ಲು. ಅಡುಗೆ ಕಟ್ಟೆ ಕಡಪ ಕಲ್ಲು. ಬಾಗಿಲು ಸಾಗವಾನಿ, ಇವತ್ತಿಗೂ ಗಟ್ಟಿ. ಆದರೆ ಮಳೆ ಬಂದಾಗ ಮೇಲಿನ ಕೋಣೆಯ ಒಂದು ಮೂಲೆ ಒದ್ದೆಯಾಗುತ್ತೆ. ಬಚ್ಚಲಿಗೆ ಅಂಟಿದ ಕೋಣೆಯ ಗೋಡೆ ಉಪ್ಪು ಬಿಟ್ಟು ಉದುರುತ್ತಿದೆ. ಎರಡು ನಳ ಸೋರುತ್ತವೆ. ಬಣ್ಣ ಹಚ್ಚಿ ಒಂಬತ್ತು ವರ್ಷ.

ಮನೆ ಮಾರಿದವರು, ಕೊಂಡವರು ಇಬ್ಬರೂ ಹೇಳಿ. ಎಷ್ಟು ಖರ್ಚು ಮಾಡೋದು ಸರಿ?

ಬಣ್ಣದ ಕೆಲಸ, ಕೌಲ್‌ಬಜಾರ್

ಅಕ್ಕಾ, ನಾನು ಇಪ್ಪತ್ತೆರಡು ವರ್ಷದಿಂದ ಬಣ್ಣ ಹಚ್ಚುತ್ತಿದ್ದೇನೆ. ಮಾರುವ ಮನೆಗಳ ಕೆಲಸ ಜಾಸ್ತಿ ಮಾಡಿದ್ದೇನೆ. ಒಂದು ಮಾತು ಹೇಳ್ತೀನಿ. ಉಪ್ಪು ಬಿಟ್ಟ ಗೋಡೆ ಮೇಲೆ ಪುಟ್ಟಿ ಎಳೆದು ಬಣ್ಣ ಹಚ್ಚಬೇಡಿ. ಹಚ್ಚಿದ ದಿನ ಕನ್ನಡಿ ಹಾಗೆ ಕಾಣುತ್ತೆ. ಒಳಗಿನ ನೀರು ಎಲ್ಲೂ ಹೋಗಿರಲ್ಲ. ಆ ನೀರು ಗೋಡೆಯ ಉಪ್ಪನ್ನು ಕರಗಿಸಿಕೊಂಡು ಹೊರಗೆ ಬರುತ್ತೆ. ನೀರು ಆರಿದ ಮೇಲೆ ಉಪ್ಪು ಹರಳಾಗಿ ಉಬ್ಬುತ್ತೆ, ಪುಟ್ಟಿಯನ್ನೇ ತಳ್ಳಿಬಿಡುತ್ತೆ. ಎರಡು ಮೂರು ತಿಂಗಳಲ್ಲಿ ಚಕ್ಕೆ ಚಕ್ಕೆ ಬೀಳುತ್ತೆ. ನಮ್ಮೂರಲ್ಲಿ ಬೋರ್ ನೀರಿಗೆ ಮೊದಲೇ ಉಪ್ಪು ಜಾಸ್ತಿ. ಅದೇ ನೀರಲ್ಲಿ ಗಾರೆ ಕಲಸಿ ಕಟ್ಟಿದ ಮನೆ ಎಷ್ಟಿಲ್ಲ.

ಮೊದಲು ಬಚ್ಚಲ ಪೈಪ್ ಎಲ್ಲಿ ಸೋರುತ್ತಿದೆ ಹುಡುಕಿಸಿ. ಅದನ್ನು ನಿಲ್ಲಿಸಿ. ಉಪ್ಪಿನ ಗೆರೆ ಎಲ್ಲಿತನಕ ಬಂದಿದೆಯೋ ಅದಕ್ಕಿಂತ ಒಂದು ಅಡಿ ಮೇಲಿನವರೆಗೆ ಗಾರೆ ಕೆತ್ತಿಸಿ. ಇಟ್ಟಿಗೆ ಕಾಣಬೇಕು. ಬ್ರಷ್‌ನಿಂದ ಉಪ್ಪು ಉಜ್ಜಿ ತೆಗೆದು ಗೋಡೆ ಆರಲು ಬಿಡಿ, ಮೂರು ವಾರವಾದರೂ ಬೇಕು. ಆಮೇಲೆ ಹೊಸ ಗಾರೆ. ಹೊಸ ಗಾರೆ ಮೇಲೆ ಬಣ್ಣಕ್ಕೆ ಮತ್ತೆ 28 ದಿನ ಕಾಯಬೇಕು. ಇದನ್ನು ಅವಸರ ಮಾಡಿ ಕೆಡಿಸಿಕೊಂಡವರೇ ಹೆಚ್ಚು.

ಟೆಕ್ಸ್ಚರ್ ಬೇಡ. ಕೊಳ್ಳುವವರಿಗೆ ಆ ಡಿಸೈನ್ ಇಷ್ಟ ಆಗದಿದ್ದರೆ ಉಜ್ಜಿ ತೆಗೆಯೋಕೆ ಎರಡರಷ್ಟು ಕೂಲಿ. ಒಳಗೆಲ್ಲ ಒಂದೇ ತಿಳಿ ಬಣ್ಣ ಸಾಕು. ಕಿಟಕಿ ಸರಳಿಗೆ, ಗೇಟಿಗೆ ಒಂದು ಕೋಟ್ ಎನಾಮಲ್.

ಮಾನ್ವಿ ಕಡೆಯವನು, ಈಗ ರಾಯಚೂರು

ಬಣ್ಣದ ಅಣ್ಣ ಬರೆದಿದ್ದು ಓದಿ ನನಗೆ ನನ್ನ ಮನೆ ನೆನಪಾಯಿತು. ನಾನು ಕೊಂಡವನು. ಏಪ್ರಿಲ್‌ನಲ್ಲಿ ನೋಡಿದೆ. ಮನೆ ತುಂಬ ಹೊಸ ಬಣ್ಣದ ವಾಸನೆ. ಪಡಸಾಲೆಯಲ್ಲಿ ಪಿಒಪಿ, ಅದರೊಳಗೆ ಹಳದಿ ದೀಪ. ನನ್ನ ಹೆಂಡತಿ, ಮಕ್ಕಳು ಎಲ್ಲರಿಗೂ ಇಷ್ಟ ಆಯಿತು. ಮೇ ತಿಂಗಳಲ್ಲಿ ನೋಂದಣಿ ಮಾಡಿಸಿಕೊಂಡೆ.

ಸೆಪ್ಟೆಂಬರ್ ಮಳೆಗೆ ಪಿಒಪಿ ಮೇಲೆ ಕಂದು ಕಲೆ ಬಂತು. ಒಂದು ರಾತ್ರಿ ಒಂದು ತುಂಡು ಬಿತ್ತು. ಮಗು ಆ ಜಾಗದಲ್ಲೇ ಮಲಗೋದು. ಆ ದಿನ ಅಜ್ಜಿ ಮನೆಗೆ ಹೋಗಿತ್ತು. ಮೇಲೆ ನೋಡಿದರೆ ಸ್ಲ್ಯಾಬಿನ ಕಬ್ಬಿಣ ತುಕ್ಕು ಹಿಡಿದು ಕಾಣುತ್ತಿತ್ತು. ಕಿಟಕಿ ಮೂಲೆಗಳಿಂದ ಓರೆಯಾಗಿ ಬಿರುಕು ಬೇರೆ. ನಮ್ಮದು ಎರೆಮಣ್ಣು. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಕುಗ್ಗುತ್ತೆ. ಪಾಯ ಸರಿ ಇಲ್ಲದ ಮನೆಯನ್ನು ವರ್ಷಾವರ್ಷ ಎತ್ತಿ ಇಳಿಸುತ್ತೆ. ಆ ಬಿರುಕುಗಳನ್ನೆಲ್ಲ ಪುಟ್ಟಿಯಲ್ಲಿ ಮುಚ್ಚಿದ್ದರು.

ಮಾರಿದವರಿಗೆ ಫೋನ್ ಮಾಡಿದೆ. ಮೊದಲು ಎತ್ತಿದರು, ಆಮೇಲೆ ಎತ್ತಲಿಲ್ಲ. ರಿಪೇರಿಗೆ ಮೂರು ಲಕ್ಷದ ಮೇಲೆ ಹೋಯಿತು. ಹಣಕ್ಕಿಂತ ಬೇಜಾರು ಏನೆಂದರೆ, ನಾನು ಅವರ ಮನೆಯಲ್ಲಿ ಕೂತು ಚಹಾ ಕುಡಿದು "ಸೋರುತ್ತಾ?" ಅಂತ ಕೇಳಿದ್ದೆ. "ಇಲ್ಲಪ್ಪ" ಅಂದಿದ್ದರು.

ಅಕ್ಕಾ, ಪಿಒಪಿ ಮಾಡಿಸಿದರೆ ನನ್ನಂಥವರು ನಿಮ್ಮ ಮನೆ ಕೊಳ್ಳಲ್ಲ. ಈಗ ಹೊಸ ಬಣ್ಣ ಕಂಡರೇ ನನಗೆ ಅನುಮಾನ.

ಮೋಕಾ ರಸ್ತೆ ಮಗಳು

ಅಣ್ಣಾ, ಓದಿ ಸಂಕಟ ಆಯಿತು. ಮಗುವಿಗೆ ಏನೂ ಆಗಲಿಲ್ಲವಲ್ಲ. ನಿಮ್ಮ ಬರಹವನ್ನು ತಮ್ಮನಿಗೆ ಕಳಿಸಿದ್ದೇನೆ.

ಗಂಗಾವತಿ ಅಂಗಡಿ

ನನ್ನ ಅನುಭವ ಬೇರೆ, ಅದನ್ನೂ ಹೇಳಬೇಕು. ನಮ್ಮ ಮನೆ ಹತ್ತು ವರ್ಷ ಬಾಡಿಗೆಗೆ ಇತ್ತು. ಅಡುಗೆಮನೆ ಗೋಡೆ ಹೊಗೆಗೆ ಕಪ್ಪಾಗಿತ್ತು. ಬಾಗಿಲಿಗೆಲ್ಲ ಮೊಳೆ, ಸ್ಟಿಕ್ಕರ್. ಹಾಗೇ ಮಾರಲು ಇಟ್ಟೆ. ನಾಲ್ಕು ತಿಂಗಳಲ್ಲಿ ಬಂದವರು ಐದು ಜನ. ಹೊಸ್ತಿಲಲ್ಲೇ ಮುಖ ಸಣ್ಣಗೆ ಮಾಡಿಕೊಂಡು ಹೋದರು. ಒಬ್ಬರು ಕೇಳಿದ ರೇಟ್ ಕೇಳಿ ನನಗೆ ನಾಚಿಕೆ ಆಯಿತು.

ಆಮೇಲೆ 70 ಸಾವಿರ ಹಾಕಿ ಬಣ್ಣ ಮಾಡಿಸಿದೆ. ಹಿತ್ತಲು ಸ್ವಚ್ಛ ಮಾಡಿಸಿದೆ. ಬಲ್ಬ್ ಎಲ್ಲ ಬದಲಾಯಿಸಿದೆ. ಮುಂದಿನ ತಿಂಗಳೇ ಸಂಚಕಾರ ಬಂತು. ಮೊದಲು ಕೇಳಿದವರಿಗಿಂತ ನಾಲ್ಕು ಲಕ್ಷ ಜಾಸ್ತಿಗೆ. ಹಾಗಾಗಿ ಬಣ್ಣವೇ ಬೇಡ ಅನ್ನಬೇಡಿ. ನಮ್ಮ ಮನೆಯಲ್ಲಿ ಸೋರಿಕೆ ಇರಲಿಲ್ಲ. ಕೊಳೆ ಇತ್ತು ಅಷ್ಟೇ.

ಭಾಗ್ಯನಗರದ ಅಮ್ಮ (ಕೊಪ್ಪಳ)

ಮಾಡ್ಯುಲರ್ ಅಡುಗೆಮನೆ ವಿಷಯ ನಾನು ಹೇಳ್ತೀನಿ ಮಗಳೇ. ಮಾರುವ ಮುಂಚೆ ನಾವು 2 ಲಕ್ಷ 10 ಸಾವಿರ ಹಾಕಿ ಮಾಡಿಸಿದೆವು. ಕೆಂಪು ಬಣ್ಣದ್ದು, ಹೊಳೆಯುತ್ತಿತ್ತು. ಕೊಂಡವರು ದೊಡ್ಡ ಕುಟುಂಬ. ಕೂತು ರೊಟ್ಟಿ ಬಡಿಯುವವರು. ಅವರಿಗೆ ಕೆಳಗೆ ಜಾಗ ಬೇಕಿತ್ತು. ಗೃಹಪ್ರವೇಶಕ್ಕೆ ಕರೆದಿದ್ದರು, ಹೋದೆ. ಆ ಡ್ರಾಯರ್‌ಗಳೆಲ್ಲ ಹಿತ್ತಲಲ್ಲಿ ಒಂದರ ಮೇಲೊಂದು ಇದ್ದವು. ಅವರ ತಪ್ಪೇನೂ ಇಲ್ಲ, ಅವರ ಮನೆ, ಅವರ ಅಡುಗೆ. ರೇಟ್ ಮಾತಾಡುವಾಗಲೂ ಅಡುಗೆಮನೆ ಬಗ್ಗೆ ಒಂದು ಮಾತು ಬರಲಿಲ್ಲ. ಕೇಳಿದ್ದೆಲ್ಲ ಸಂಪು ಎಷ್ಟು ಲೀಟರ್, ನೀರು ಎಷ್ಟು ದಿನಕ್ಕೊಮ್ಮೆ, ಬೋರ್ ಇದೆಯಾ ಅಂತ.

ನಿಮ್ಮ ಕಡಪ ಕಲ್ಲಿನ ಕಟ್ಟೆಯನ್ನು ಚೆನ್ನಾಗಿ ತಿಕ್ಕಿಸಿ. ಅದಕ್ಕಿಂತ ಏನೂ ಬೇಡ.

ನಿವೃತ್ತ ಎಂಜಿನಿಯರ್, ಕೊಪ್ಪಳ

ತಂಗೀ, ನಾನು ನಿವೃತ್ತಿ ನಂತರ ಬ್ಯಾಂಕ್ ಸಾಲಕ್ಕಾಗಿ ಮನೆಗಳ ಮೌಲ್ಯಮಾಪನ ಮಾಡಿದ್ದೇನೆ. ಅಲ್ಲಿ ಲೆಕ್ಕ ಹೇಗೆ ನಡೆಯುತ್ತೆ ಅಂತ ತಿಳಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತೆ.

ಜಾಗಕ್ಕೆ ಒಂದು ಬೆಲೆ, ಕಟ್ಟಡಕ್ಕೆ ಒಂದು ಬೆಲೆ. ಕಟ್ಟಡವನ್ನು ಇವತ್ತು ಕಟ್ಟಿದರೆ ಎಷ್ಟಾಗುತ್ತೆ ಅಂತ ಹಿಡಿದು, ಅದರಲ್ಲಿ ವಯಸ್ಸಿನ ಸವಕಳಿ ಕಳೆಯುತ್ತೇವೆ. ನಿಮ್ಮ ಮನೆಗೇ ಉದಾಹರಣೆ ಹಾಕ್ತೀನಿ. ಅಂಕಿಗಳು ನನ್ನ ಅಂದಾಜು. ಎರಡೂ ಅಂತಸ್ತು ಸೇರಿ 1100 ಚದರ ಅಡಿ, ಅಡಿಗೆ 1800 ರೂಪಾಯಿ, ಒಟ್ಟು 19.8 ಲಕ್ಷ. ಕಟ್ಟಡದ ಆಯಸ್ಸು 60 ವರ್ಷ, ಕೊನೆಗೆ ಉಳಿಯುವ ಬೆಲೆ ಶೇ 10 ಅಂತ ಹಿಡಿಯಿರಿ. 29 ವರ್ಷಕ್ಕೆ ಶೇ 43.5 ಸವಕಳಿ. ಉಳಿಯೋದು ಸುಮಾರು 11.2 ಲಕ್ಷ. ಜಾಗ 1200 ಚದರ ಅಡಿಗೆ 4000ದಂತೆ 48 ಲಕ್ಷ. ಒಟ್ಟು 59.2 ಲಕ್ಷ. ಇದರಲ್ಲಿ ಬಣ್ಣಕ್ಕೆ ಕಾಲಂ ಇಲ್ಲ. ಪಿಒಪಿಗೆ, ಟೆಕ್ಸ್ಚರ್‌ಗೆ ಮೌಲ್ಯಮಾಪಕರು ಕೊಡುವ ಬೆಲೆ ನೀವು ಖರ್ಚು ಮಾಡಿದ್ದಕ್ಕೆ ಹತ್ತಿರಕ್ಕೂ ಬರಲ್ಲ.

ಈಗ ಕೊಳ್ಳುವವರ ಕಡೆಯಿಂದ ನೋಡಿ. ನೌಕರಿ ಮಾಡುವ ಮನುಷ್ಯ, ಸಾಲ ತೆಗೆದೇ ಕೊಳ್ಳಬೇಕು. 30 ಲಕ್ಷದಿಂದ 75 ಲಕ್ಷದ ಒಳಗಿನ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕ್ ಹಾಕಿರುವ ಮಿತಿ ಆಸ್ತಿ ಮೌಲ್ಯದ ಶೇ 80. ವ್ಯವಹಾರದ ಬೆಲೆ, ಮೌಲ್ಯಮಾಪನದ ಬೆಲೆ ಎರಡರಲ್ಲಿ ಕಡಿಮೆ ಯಾವುದೋ ಅದನ್ನು ಬ್ಯಾಂಕ್ ಹಿಡಿಯುತ್ತೆ. ನೀವು 58ಕ್ಕೆ ಕೊಟ್ಟರೆ ಅವರಿಗೆ 46.4 ಲಕ್ಷ ಸಾಲ, ಕೈಯಿಂದ 11.6 ಲಕ್ಷ. 68 ಅಂದರೂ ಮೌಲ್ಯಮಾಪನ 59.2ರಲ್ಲೇ ನಿಲ್ಲುತ್ತೆ, ಹಾಗಾಗಿ ಸಾಲ 47.4 ಲಕ್ಷ, ಕೈಯಿಂದ 20.6 ಲಕ್ಷ. ಅಂದರೆ ನೀವು ಏರಿಸಿದ ಹತ್ತು ಲಕ್ಷದಲ್ಲಿ ಒಂಬತ್ತು ಲಕ್ಷ ಅವರು ಸ್ವಂತ ಉಳಿತಾಯದಿಂದಲೇ ತರಬೇಕು.

ಅದರ ಮೇಲೆ ನೋಂದಣಿ ಖರ್ಚು. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2 ಆಗಿದೆ. ಶೇ 5 ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಸೇರಿದರೆ ಪಟ್ಟಣದಲ್ಲಿ ಶೇ 7.6. 58 ಲಕ್ಷಕ್ಕೆ ಸುಮಾರು 4.4 ಲಕ್ಷ ಅದೇ ಆಗುತ್ತೆ. ಇಷ್ಟೆಲ್ಲ ಹೊಂದಿಸುವ ಕುಟುಂಬಕ್ಕೆ ನಿಮ್ಮ ಪಿಒಪಿ ಒಂದು ಹೊರೆ.

ಶಹಾಬಾದ್ ಕಲ್ಲಿನ ಮೇಲೆ ಟೈಲ್ಸ್ ಅಂಟಿಸೋದು ಬೇಡವೇ ಬೇಡ. ಮಟ್ಟ ಏರಿ ಬಾಗಿಲು ಕೆಳಗೆ ಕೊಯ್ಯಬೇಕಾಗುತ್ತೆ. ಸಾಗವಾನಿ ಬಾಗಿಲು ಯಾಕೆ ಕೊಯ್ತೀರಿ? ಬಳ್ಳಾರಿ ಬಿಸಿಲಿಗೆ ಆ ಕಲ್ಲು ಕಾಲಿಗೆ ತಂಪು. ಮೆಷಿನ್ ಪಾಲಿಶ್ ಹಾಕಿಸಿ, ಸಂದುಗಳಿಗೆ ಸಿಮೆಂಟ್ ತುಂಬಿಸಿ. ಹೊಸದರ ಹಾಗೆ ಕಾಣುತ್ತೆ.

ತುಂಗಭದ್ರಾ ಹುಡುಗಿ

ಸರ್, ಸಾಲದ ಈ ಲೆಕ್ಕ ಯಾರೂ ನಮಗೆ ಹೇಳಿರಲಿಲ್ಲ. ನಾವು ಈಗ ಮನೆ ಹುಡುಕುತ್ತಿದ್ದೇವೆ. ನೋಡಿದ ಆರು ಮನೆಯಲ್ಲಿ ನಾಲ್ಕಕ್ಕೆ ಹೊಸದಾಗಿ ಪಿಒಪಿ. ಎಲ್ಲಾ ಕಡೆ ಅದರ ಹಣ ನಮ್ಮಿಂದಲೇ ಕೇಳುತ್ತಾರೆ. ನಮಗೆ ಬೇಕಾಗಿದ್ದು ಮಳೆಗಾಲದಲ್ಲಿ ಒಣಗಿರುವ ಮನೆ, ಸರಿಯಾದ ಕಾಗದ. ಇಷ್ಟೇ.

ಸಿರುಗುಪ್ಪ ರಸ್ತೆ ಏಜೆಂಟ್

ನಾನೂ ಏಜೆಂಟೇ. ಎಲ್ಲರೂ ಒಂದೇ ಥರ ಅಂದುಕೊಳ್ಳಬೇಡಿ. 58ರ ಮನೆ 68 ಆಗುತ್ತೆ ಅಂತ ಹೇಳಿದವರು ಬರೆದುಕೊಡುತ್ತಾರಾ, ಕೇಳಿ ನೋಡಿ ಮೇಡಂ. ಖರ್ಚು ನಿಮ್ಮದು, ಮಾತು ಮಾತ್ರ ಅವರದು. ಕೆಲಸ ಮಾಡಿಸುವ ಗೌಂಡಿ, ಪಿಒಪಿಯವರು ಅವರ ಕಡೆಯವರೇನಾ ಅಂತಲೂ ವಿಚಾರಿಸಿ.

ನಾನು ಮನೆ ತೋರಿಸುವಾಗ ಜನ ಏನು ಮಾಡ್ತಾರೆ ಗೊತ್ತಾ? ಒಳಗೆ ಬಂದ ಕೂಡಲೇ ಉಸಿರು ಎಳೆಯುತ್ತಾರೆ. ಬೀಗ ಹಾಕಿದ ಮನೆಯಲ್ಲಿ ಬಚ್ಚಲ ಜಾಲರಿ ಕೆಳಗೆ ನಿಂತಿರುವ ನೀರು ಆರಿ ಹೋಗಿರುತ್ತೆ. ಆ ನೀರೇ ಚರಂಡಿ ವಾಸನೆಯನ್ನು ತಡೆಯೋದು. ಅದು ಆರಿದರೆ ಗಬ್ಬು ವಾಸನೆ ಮನೆಗೆಲ್ಲ ಬರುತ್ತೆ. ಒಂದು ಬಕೆಟ್ ನೀರು ಸುರಿದರೆ ಹೋಗುತ್ತೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಇದರಿಂದಲೇ ಕೈತಪ್ಪಿದ ವ್ಯಾಪಾರ ನೋಡಿದ್ದೇನೆ. ಆಮೇಲೆ ನಳ ತಿರುಗಿಸುತ್ತಾರೆ. ಸ್ವಿಚ್ ಒತ್ತುತ್ತಾರೆ. ಬೇಸಿಗೆ ಮಧ್ಯಾಹ್ನ ಬಂದವರು ಮೇಲಿನ ಕೋಣೆಗೆ ಹೋಗಿ ತಲೆ ಎತ್ತಿ ನಿಲ್ಲುತ್ತಾರೆ, ಸ್ಲ್ಯಾಬ್ ಎಷ್ಟು ಕಾಯುತ್ತೆ ಅಂತ. ನಮ್ಮೂರಲ್ಲಿ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟೋದು ಮಾಮೂಲಿ. ಮಾಳಿಗೆಗೆ ಬಿಸಿಲು ವಾಪಸ್ ಕಳಿಸುವ ಬಿಳಿ ಕೋಟಿಂಗ್ ಹಾಕಿಸಿದ್ದರೆ ಅದನ್ನು ನಾನು ಮೊದಲು ಹೇಳ್ತೀನಿ, ಜನ ಕಿವಿ ಕೊಟ್ಟು ಕೇಳ್ತಾರೆ.

ವಾಸ್ತು ಅಂತ ಯಾರಾದರೂ ಬಂದು ಗೋಡೆ ಒಡೆಸಿದರೆ ಒಪ್ಪಬೇಡಿ. ಕೊಳ್ಳುವವರು ತಮ್ಮ ಶಾಸ್ತ್ರಿಗಳನ್ನೇ ಕರೆದುಕೊಂಡು ಬರ್ತಾರೆ. ಅವರು ಬೇರೆಯೇ ಹೇಳ್ತಾರೆ.

ಇನ್ನೊಂದು ಮುಖ್ಯ. ಮನೆಯ ಖಾತೆ (ಪಾಲಿಕೆಯ ಆಸ್ತಿ ದಾಖಲೆ) ಯಾರ ಹೆಸರಲ್ಲಿದೆ?

ಮೋಕಾ ರಸ್ತೆ ಮಗಳು

ಇನ್ನೂ ಅಪ್ಪನ ಹೆಸರಲ್ಲೇ ಇದೆ ಸರ್. ಅದು ಆಮೇಲೆ ಆಗುತ್ತೆ ಅಂದುಕೊಂಡಿದ್ದೆವು.

ಸಿರುಗುಪ್ಪ ರಸ್ತೆ ಏಜೆಂಟ್

ಹಾಗಾದರೆ ಮೇಡಂ, ನಿಮ್ಮ ಮೊದಲ ಖರ್ಚು ಅದೇ. ಇವತ್ತೇ ಶುರು ಮಾಡಿ. 2024ರ ಅಕ್ಟೋಬರ್‌ನಿಂದ ಪಟ್ಟಣದ ಆಸ್ತಿ ನೋಂದಣಿಗೆ ಇ-ಖಾತಾ, ಅಂದರೆ ಕಂಪ್ಯೂಟರಿನಲ್ಲಿರುವ ಖಾತೆ, ಕಡ್ಡಾಯ. ಅದಿಲ್ಲದೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮುಂದಕ್ಕೇ ಹೋಗಲ್ಲ. ಅಪ್ಪನ ಮರಣ ಪ್ರಮಾಣ ಪತ್ರ, ವಂಶವೃಕ್ಷ, ಮೂಲ ಕ್ರಯಪತ್ರ, ಈ ವರ್ಷದವರೆಗಿನ ತೆರಿಗೆ ರಸೀದಿ, ಇಸಿ (ಋಣಭಾರ ಪ್ರಮಾಣ ಪತ್ರ), ವಾರಸುದಾರರ ಎಲ್ಲರ ಆಧಾರ್ ತೆಗೆದಿಟ್ಟುಕೊಂಡು ಮಹಾನಗರ ಪಾಲಿಕೆಗೆ ಅರ್ಜಿ ಕೊಡಿ. ಉಯಿಲು ಇಲ್ಲ ಅಂದರೆ ಅಮ್ಮ, ನೀವು, ತಮ್ಮ ಮೂವರಿಗೂ ಸಮ ಪಾಲು. ಮೂವರೂ ಸಹಿ ಮಾಡಬೇಕು. ಹಳೇ ತೆರಿಗೆ ಬಾಕಿ ಇದ್ದರೆ ಕಟ್ಟಿಬಿಡಿ.

ಬಣ್ಣ ಚೆನ್ನಾಗಿದ್ದು ಕಾಗದ ಇಲ್ಲದ ಮನೆಗೆ ಯಾರೂ ಸಂಚಕಾರ ಕೊಡಲ್ಲ. ಕೊಟ್ಟರೂ ರೇಟ್ ಮುರಿದೇ ಕೊಡ್ತಾರೆ, ಯಾಕೆಂದರೆ ಎಷ್ಟು ತಿಂಗಳು ಕಾಯಬೇಕೋ ಅವರಿಗೆ ಗೊತ್ತಿರಲ್ಲ.

ಲೆಕ್ಕಪತ್ರದವರು, ರಾಯಚೂರು

ತೆರಿಗೆ ಬಗ್ಗೆ ಸ್ವಲ್ಪ. ಮನೆ ಸುಧಾರಣೆಗೆ ಹಾಕಿದ ಹಣವನ್ನು ಬಂಡವಾಳ ಲಾಭದಲ್ಲಿ (ಆಸ್ತಿ ಮಾರಿ ಬಂದ ಲಾಭದಲ್ಲಿ) ಕಳೆಯಬಹುದು ಅಂತ ಹೇಳಿ ಜನರನ್ನು ಖರ್ಚಿಗೆ ಹಚ್ಚುತ್ತಾರೆ. ಹೊಸ ಕೋಣೆ, ಹೊಸ ನೆಲದಂಥ ದೊಡ್ಡ ಕೆಲಸಕ್ಕೆ ಬಿಲ್ ಇದ್ದರೆ ಕಳೆಯಬಹುದು. ಬಣ್ಣ, ಮಾಮೂಲಿ ರಿಪೇರಿ ಸಾಮಾನ್ಯವಾಗಿ ಅದರಲ್ಲಿ ಬರಲ್ಲ. ಬಂದರೂ ಎಷ್ಟು ಉಳಿಯುತ್ತೆ? ಶೇ 12.5ರ ದರದಲ್ಲಿ ನಾಲ್ಕೂವರೆ ಲಕ್ಷ ಪೂರ್ತಿ ಒಪ್ಪಿದರೂ 56,250 ರೂಪಾಯಿ. ಅದಕ್ಕಾಗಿ ನಾಲ್ಕೂವರೆ ಲಕ್ಷ ಹಾಕೋದಾ?

ನಿಮಗೆ ಉಪಯೋಗ ಆಗೋದು ಬೇರೆ. ತಂದೆಯ ಮನೆ 2001ಕ್ಕಿಂತ ಮುಂಚಿನದು. ಹಾಗಾಗಿ 2001ರ ಏಪ್ರಿಲ್ 1ರಂದು ಅದಕ್ಕಿದ್ದ ಮಾರುಕಟ್ಟೆ ಬೆಲೆಯನ್ನು ಮೂಲ ಬೆಲೆ ಅಂತ ತೋರಿಸಬಹುದು. 2024ರ ಜುಲೈ 23ಕ್ಕೆ ಮುಂಚಿನ ಆಸ್ತಿ ಆದ್ದರಿಂದ ಲಾಭದ ಮೇಲೆ ಶೇ 12.5 ಹಾಗೇ, ಅಥವಾ ಮೂಲ ಬೆಲೆಗೆ ಹಣದುಬ್ಬರದ ಸೂಚ್ಯಂಕ ಹಚ್ಚಿ ಶೇ 20, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಕಟ್ಟಿದರೆ ಸಾಕು. 2001-02ಕ್ಕೆ ಸೂಚ್ಯಂಕ 100, 2025-26ಕ್ಕೆ 376. ನಿಮ್ಮಂಥ ಹಳೇ ಮನೆಗೆ ಎರಡೂ ಲೆಕ್ಕ ಹಾಕಿ ನೋಡಲೇಬೇಕು. ಒಬ್ಬ ನೋಂದಾಯಿತ ಮೌಲ್ಯಮಾಪಕರಿಂದ 2001ರ ಬೆಲೆಯ ವರದಿ ಮಾಡಿಸಿಕೊಳ್ಳಿ. ಸುಣ್ಣ ಬಣ್ಣಕ್ಕಿಂತ ಅದಕ್ಕೆ ಕೊಟ್ಟ ಹಣ ಜಾಸ್ತಿ ಉಳಿಸುತ್ತೆ. ಏಜೆಂಟ್ ಕಮಿಷನ್ ಕೂಡ ಕಳೆಯಬಹುದು, ರಸೀದಿ ತೆಗೆದುಕೊಳ್ಳಿ.

ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಕೊಳ್ಳುವವರು ಶೇ 1 ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ತೆರಿಗೆ) ಹಿಡಿಯಬೇಕು. ಪಾಲುದಾರರು ಮೂರು ಜನ ಅಂತ ಬಿಡುವ ಹಾಗಿಲ್ಲ, ಒಟ್ಟು ಬೆಲೆಯನ್ನೇ ನೋಡುತ್ತಾರೆ. ಸಂಚಕಾರವನ್ನು ಬ್ಯಾಂಕ್ ಮೂಲಕವೇ ತೆಗೆದುಕೊಳ್ಳಿ.

ಮೋಕಾ ರಸ್ತೆ ಮಗಳು

ಎಲ್ಲರಿಗೂ ಕೈಮುಗಿದು ನಮಸ್ಕಾರ. ಇಷ್ಟು ಬಿಡಿಸಿ ಹೇಳುವವರು ನಮ್ಮ ಬಳಗದಲ್ಲೂ ಇರಲಿಲ್ಲ.

ನಿನ್ನೆ ರಾತ್ರಿ ತಮ್ಮ, ನಾನು, ಅಮ್ಮ ಫೋನಿನಲ್ಲಿ ಕೂತು ಮಾತಾಡಿದೆವು. ತಮ್ಮ ಎಂಜಿನಿಯರ್ ಸರ್ ಲೆಕ್ಕವನ್ನು ಎರಡು ಸಲ ಹಾಕಿ ನೋಡಿದ್ದಾನೆ. ಆದರೂ "ಮೇಲಿನ ಕೋಣೆಗೂ ಪಿಒಪಿ ಹಾಕಿದರೆ ಆ ಒದ್ದೆ ಮೂಲೆ ಕಾಣಲ್ಲವಲ್ಲ ಅಕ್ಕ" ಅಂದ. ಅಷ್ಟು ಹೊತ್ತು ಸುಮ್ನೆ ಕೂತಿದ್ದ ಅಮ್ಮ ಆಗ ಮಾತಾಡಿದರು. "ಕಟ್ಟಿಸುವಾಗ ನಿಮ್ಮಪ್ಪ ಆ ಮನೆಯ ಗೋಡೆಗೆ ನೀರುಣಿಸೋಕೆ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹೋಗ್ತಿದ್ದರು. ಸೋರೋದನ್ನ ಮುಚ್ಚಿಟ್ಟು ಅವರ ಮನೆ ಮಾರಬೇಡಿ" ಅಂದರು. ತಮ್ಮ ಆಮೇಲೆ ಏನೂ ಹೇಳಲಿಲ್ಲ. ಇವತ್ತು ಬೆಳಿಗ್ಗೆ 50 ಸಾವಿರ ನನ್ನ ಖಾತೆಗೆ ಹಾಕಿ "ಮಾಳಿಗೆ ಮೊದಲು ಮಾಡಿಸು" ಅಂತ ಮೆಸೇಜ್ ಕಳಿಸಿದ್ದಾನೆ.

ಮಾಳಿಗೆ ಹೇಗೆ ಮಾಡಿಸಬೇಕು ಅಂತ ಎಂಜಿನಿಯರ್ ಸರ್ ಹೇಳ್ತೀರಾ?

ನಿವೃತ್ತ ಎಂಜಿನಿಯರ್, ಕೊಪ್ಪಳ

ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ.

ಮೊದಲು ನೀರು ಹೋಗುವ ಪೈಪಿನ ಬಾಯಿ ನೋಡಿ. ಎಲೆ, ಪಾರಿವಾಳದ ಕಸ ಕಟ್ಟಿಕೊಂಡು ನೀರು ನಿಂತರೆ ಎಂಥ ಸ್ಲ್ಯಾಬೂ ಒದ್ದೆಯಾಗುತ್ತೆ. ಅರ್ಧ ಸೋರಿಕೆ ಅಲ್ಲೇ ಇರುತ್ತೆ. ಆಮೇಲೆ ಪ್ಯಾರಾಪೆಟ್ ಗೋಡೆ ಮತ್ತು ಸ್ಲ್ಯಾಬ್ ಸೇರುವ ಮೂಲೆ. ಅಲ್ಲಿ ಗಾರೆಯ ಗೋಲಾ (ಮೂಲೆಯಲ್ಲಿ ದುಂಡಗೆ ಕಟ್ಟಿದ ಗಾರೆ) ಬಿರುಕು ಬಿಟ್ಟಿದ್ದರೆ ಕೆತ್ತಿ ಹೊಸದಾಗಿ ಕಟ್ಟಿಸಿ. ಮಾಳಿಗೆ ಮೇಲಿನ ಬಿರುಕುಗಳನ್ನು ಇಂಗ್ಲಿಷಿನ ವಿ ಅಕ್ಷರದ ಆಕಾರಕ್ಕೆ ಕೊರೆದು, ಧೂಳು ತೆಗೆದು, ಪಾಲಿಮರ್ ಸೇರಿಸಿದ ಸಿಮೆಂಟ್ ಗಾರೆ ತುಂಬಿಸಿ. ಅದರ ಮೇಲೆ ನೀರು ತಡೆಯುವ ಕೋಟಿಂಗ್ ಎರಡು ಸಲ, ಮೊದಲನೆಯದು ಆರಿದ ಮೇಲೆ ಎರಡನೆಯದು ಅಡ್ಡ ದಿಕ್ಕಿಗೆ. ಬಿಳಿಯದೇ ತೆಗೆದುಕೊಳ್ಳಿ, ಶಾಖವೂ ಕಡಿಮೆಯಾಗುತ್ತೆ.

ಕೆಲಸ ಮುಗಿದ ಮೇಲೆ ಪೈಪಿನ ಬಾಯಿಗೆ ಬಟ್ಟೆ ತುರುಕಿ ಎರಡು ಇಂಚು ನೀರು ಕಟ್ಟಿ 48 ಗಂಟೆ ನಿಲ್ಲಿಸಿ. ಕೆಳಗೆ ಒದ್ದೆ ಬರದಿದ್ದರೆ ಮಾತ್ರ ಪೂರ್ತಿ ಹಣ ಕೊಡಿ. ಪ್ರತಿ ಹಂತದ ಫೋಟೋ ತೆಗೆದಿಡಿ.

ಮಾನ್ವಿ ಕಡೆಯವರಿಗೆ: ನಿಮ್ಮ ಕಿಟಕಿ ಬಿರುಕಿನ ಮೇಲೆ ಒಂದು ತೆಳು ಗಾಜಿನ ಪಟ್ಟಿಯನ್ನು ಅಡ್ಡ ಅಂಟಿಸಿ ದಿನಾಂಕ ಬರೆದಿಡಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲಿ. ಗಾಜು ಒಡೆದರೆ ಪಾಯ ಇನ್ನೂ ಅಲುಗುತ್ತಿದೆ ಅಂತ. ಆಗ ಬರೀ ಗಾರೆ ತುಂಬಿ ಉಪಯೋಗ ಇಲ್ಲ. ಮನೆ ಸುತ್ತ ನೀರು ಇಂಗದ ಹಾಗೆ ಕಲ್ಲು ಹಾಸಿಸಿ, ಚರಂಡಿ ಸರಿ ಮಾಡಿಸಿ.

ಮಾನ್ವಿ ಕಡೆಯವನು, ಈಗ ರಾಯಚೂರು

ಸರ್, ಈ ಭಾನುವಾರವೇ ಅಂಟಿಸುತ್ತೇನೆ. ಧನ್ಯವಾದ.

ಮೋಕಾ ರಸ್ತೆ ಮಗಳು (ಮೂರು ತಿಂಗಳ ನಂತರ)

ಏನಾಯಿತು ಅಂತ ತಿಳಿಸಬೇಕು ಅಂತ ಬಂದೆ. ಮನೆ ಮಾರಾಟ ಆಯಿತು.

ಖರ್ಚು ಹೀಗೆ: ಮಾಳಿಗೆಗೆ 31 ಸಾವಿರ. ಬಚ್ಚಲ ಪೈಪ್, ಆ ಗೋಡೆಯ ಗಾರೆ, ನಳಗಳಿಗೆ 14 ಸಾವಿರ. ಬಣ್ಣಕ್ಕೆ 42 ಸಾವಿರ. ನೆಲದ ಪಾಲಿಶ್ ಪಡಸಾಲೆಗೆ ಮಾತ್ರ, ಸಣ್ಣಪುಟ್ಟ ಸ್ವಚ್ಛತೆ, ಬಲ್ಬು ಸೇರಿ 9 ಸಾವಿರ. ಒಟ್ಟು 96 ಸಾವಿರ. ಉಪ್ಪು ಬಿಟ್ಟ ಗೋಡೆ ಆರಲು ಬಣ್ಣದ ಅಣ್ಣ ಹೇಳಿದಷ್ಟು ದಿನ ಕಾದೆವು. ಅದೇ ಹೊತ್ತಿಗೆ ಇ-ಖಾತಾ ಕೆಲಸವೂ ನಡೆಯುತ್ತಿತ್ತು. ಪಾಲಿಕೆಗೆ ನಾನು ಆರು ಸಲ ಹೋದೆ. ಧನುರ್ಮಾಸದಲ್ಲಿ ಹೇಗೂ ಯಾರೂ ಮನೆ ನೋಡಲು ಬರಲ್ಲ, ಹಾಗಾಗಿ ಕಾದಿದ್ದು ವ್ಯರ್ಥ ಆಗಲಿಲ್ಲ.

ಸಂಕ್ರಾಂತಿ ಆದ ಮೇಲೆ ತೋರಿಸಲು ಶುರು ಮಾಡಿದೆವು. ಏಳು ಕುಟುಂಬ ಬಂದವು. ಇಬ್ಬರು "ಹಳೇ ಕಾಲದ್ದು" ಅಂತ ಹೋದರು. ಒಬ್ಬರು 54ಕ್ಕೆ ಕೇಳಿದರು. ಕೊಂಡವರು ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹೆಣ್ಣುಮಗಳು ಮತ್ತು ರೈಲ್ವೆಯಲ್ಲಿರುವ ಅವರ ಯಜಮಾನರು. ಆಕೆ ಮೇಲಿನ ಕೋಣೆಗೆ ಹೋಗಿ ಮೂಲೆ ಮೂಲೆ ನೋಡಿದರು. ಅವರು ಕೇಳುವ ಮುಂಚೆಯೇ ನಾನು ಹೇಳಿದೆ: ಇದೇ ಮೂಲೆ ಸೋರುತ್ತಿತ್ತು, ಹೀಗೆ ಮಾಡಿಸಿದ್ದೇವೆ, ನೋಡಿ ಅಂತ ಫೋಟೋ ಎಲ್ಲ ತೋರಿಸಿದೆ. 48 ಗಂಟೆ ನೀರು ನಿಲ್ಲಿಸಿದ ವಿಡಿಯೋ ಕೂಡ. ಬಚ್ಚಲ ಗೋಡೆ ಬಗ್ಗೆಯೂ ಹೇಳಿದೆ.

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಹಿಂದಿನ ವಾರ ಒಂದು ಮನೆಯಲ್ಲಿ ಸೀಲಿಂಗಿನ ಒಂದು ತುಂಡು ತೆಗೆದು ತೋರಿಸಿ ಅಂದೆ ಅಕ್ಕ. ಬೇಡ, ಹಾಳಾಗುತ್ತೆ ಅಂದರು. ವಾಪಸ್ ಬಂದುಬಿಟ್ಟೆವು" ಅಂದರು. 59 ಲಕ್ಷ 50 ಸಾವಿರಕ್ಕೆ ಮಾತು ಮುಗಿಯಿತು. ಬ್ಯಾಂಕಿನ ಮೌಲ್ಯಮಾಪನ 60ರ ಹತ್ತಿರ ಬಂತು. ಅವರಿಗೆ ಸಾಲಕ್ಕೆ ತೊಂದರೆ ಆಗಲಿಲ್ಲ.

68 ಅಂದವರ ಮಾತಿಗೂ ಇದಕ್ಕೂ ಎಂಟೂವರೆ ಲಕ್ಷ ವ್ಯತ್ಯಾಸ ಅಂತ ಕೆಲವರು ಹೇಳಬಹುದು. ಆ 68 ನಮಗೆ ಯಾರೂ ತಂದುಕೊಟ್ಟಿರಲಿಲ್ಲ. ಬರೀ ಬಾಯಿಮಾತಿನಲ್ಲಿತ್ತು. ನಾಲ್ಕೂವರೆ ಲಕ್ಷ ಮಾತ್ರ ನಮ್ಮ ಕೈಯಿಂದ ನಿಜವಾಗಿ ಹೋಗುತ್ತಿತ್ತು.

ನೋಂದಣಿ ದಿನ ಅಮ್ಮನೂ ಬಂದಿದ್ದರು. ಅಡುಗೆಮನೆಯಲ್ಲಿ ನೆಲಕ್ಕೆ ಹೂತಿಟ್ಟ ಒರಳು ಇದೆ. ಅದನ್ನು ತೆಗೆಸಿ ಕೊಡಲಾ ಅಂತ ಅಮ್ಮ ಆಕೆಯನ್ನು ಕೇಳಿದರು. "ಇರಲಿ ಬಿಡಿ ಅಮ್ಮ, ನಮ್ಮತ್ತೆ ಕೆಂಪು ಚಟ್ನಿ ಅದರಲ್ಲೇ ರುಬ್ಬೋದು" ಅಂದರು. ಅಮ್ಮನಿಗೆ ಅದರಿಂದ ಆದ ಸಮಾಧಾನ ನಾನು ಬರೆದು ಹೇಳೋಕೆ ಆಗಲ್ಲ.

ಬಣ್ಣದ ಕೆಲಸ, ಕೌಲ್‌ಬಜಾರ್

ಅಕ್ಕಾ, ಬಹಳ ಸಂತೋಷ. ಗೋಡೆ ಆರುವತನಕ ಕಾದಿರಲ್ಲ, ಹಾಗೆ ಕಾಯುವವರು ನೂರಕ್ಕೆ ಹತ್ತು ಜನ ಸಿಗಲ್ಲ.

ಸಿಂಧನೂರು ಕಾಲುವೆ

ನಾವೂ ಯುಗಾದಿ ಮುಗಿದ ಮೇಲೆ ಮಾರುವವರಿದ್ದೇವೆ. ನಮ್ಮದು ಹಳೇ ಮಣ್ಣಿನ ಮಾಳಿಗೆ, ತೊಲೆ ಜಂತೆ ಹಾಕಿದ್ದು. ಇದಕ್ಕೂ ಆ ಕೋಟಿಂಗ್ ನಡೆಯುತ್ತಾ?

ನಿವೃತ್ತ ಎಂಜಿನಿಯರ್, ಕೊಪ್ಪಳ

ಇಲ್ಲಪ್ಪ, ಅದು ಬೇರೆಯೇ ಕೆಲಸ. ಮಣ್ಣಿನ ಮಾಳಿಗೆ ಮೇಲೆ ಅದು ಹಿಡಿಯಲ್ಲ, ಒಳಗಿನ ತೇವ ಹೊರಗೆ ಹೋಗದೆ ಜಂತೆ ಕೊಳೆಯುತ್ತೆ. ಜಂತೆಗಳ ತುದಿ ಗೋಡೆ ಒಳಗೆ ಹೋಗುವ ಜಾಗದಲ್ಲಿ ಚೂರಿ ಚುಚ್ಚಿ ನೋಡಿ. ಮೆತ್ತಗಿದೆಯಾ, ಗೆದ್ದಲು ಇದೆಯಾ? ನೋಡಿ ಹೇಳಿ, ಆಮೇಲೆ ಮುಂದಿನದು ಮಾತಾಡೋಣ.